ಆನ್‌ಲೈನ್ ಹರಾಜಿನಲ್ಲಿ ದುಬಾರಿ ವಾಚು ಕೊಳ್ಳುವುದು ಹೇಗೆ: ಮುಂಬಯಿ ಕನ್ನಡಿಗರಿಗೊಂದು ಸಮಗ್ರ ಮಾರ್ಗದರ್ಶಿ

ಆನ್‌ಲೈನಿನಲ್ಲಿ ರೋಲೆಕ್ಸ್, ಒಮೆಗಾ ಕೊಂಡು ಮೋಸ ಹೋದವರು ಹೇಳುವ ಕತೆಗಳು ಬೇರೆ ಬೇರೆ. ತಪ್ಪು ಮಾತ್ರ ಬಹುಪಾಲು ಒಂದೇ. ಮೊದಲು ಫೋಟೋ ನೋಡಿ ವಾಚಿಗೆ ಮನಸೋಲುತ್ತಾರೆ. ಬೇರೆ ಯಾರಾದರೂ ಕೊಂಡುಬಿಟ್ಟಾರೆಂದು ಟೋಕನ್ ಹಣ ಕಳಿಸುತ್ತಾರೆ. ಅದಾದ ಮೇಲೆ ಕಾಗದಪತ್ರ ಕೇಳುತ್ತಾರೆ. ಮಾರುವವನು ಯಾರು ಅನ್ನುವ ಪ್ರಶ್ನೆ ಏಳುವುದು ಅವನ ಫೋನ್ ಸ್ವಿಚ್ ಆಫ್ ಆದಮೇಲೆ.

ಈ ಕ್ರಮ ತಲೆಕೆಳಗಾಗಬೇಕು. ಮೊದಲು ಬೆಲೆ. ಆಮೇಲೆ ಮಾರುವವನು. ಆಮೇಲೆ ಫೋಟೋ, ಕಾಗದ, ವಾಚು. ಹಣ ಎಲ್ಲಕ್ಕಿಂತ ಕೊನೆಗೆ. ಒಂದು ಹಂತದಲ್ಲಿ ಸಮಾಧಾನದ ಉತ್ತರ ಸಿಗದಿದ್ದರೆ ಮುಂದಿನ ಹಂತಕ್ಕೆ ಹೋಗಲೇಬೇಡಿ.

ಇನ್ನೊಂದು ಮಾತು. ಅಳಿಯನಿಗೆ ವಾಚು ಕೊಡಬೇಕು, ಮದುವೆಗೆ ಹದಿನೈದು ದಿನ ಇದೆ ಅನ್ನುವವರು ಈ ದಾರಿ ಹಿಡಿಯಬೇಡಿ. ಅಂಗಡಿಗೆ ಹೋಗಿ ಹೊಸದು ಕೊಳ್ಳಿ. ಅವಸರದಲ್ಲಿರುವ ಗಿರಾಕಿಯನ್ನು ಗುರುತಿಸುವುದು ಮೋಸಗಾರರಿಗೆ ಚೆನ್ನಾಗಿ ಗೊತ್ತು.

## ಬೇಕಾಗುವ ಸಾಮಾನು

ಹತ್ತು ಪಟ್ಟು ದೊಡ್ಡದಾಗಿ ತೋರಿಸುವ, ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವ ಲೆನ್ಸ್ ಒಂದು. ನೋಟು ಪರೀಕ್ಷಿಸುವ ನೇರಳೆ ಬೆಳಕಿನ ಪುಟ್ಟ ಟಾರ್ಚ್. ಫೋನಿನಲ್ಲಿ ಗೂಗಲ್ ಲೆನ್ಸ್. ಇಷ್ಟು ಸಾಕು. ಇವೆಲ್ಲಕ್ಕಿಂತ ಮುಖ್ಯವಾಗಿ ಬೇಕಾದದ್ದು ನಿಮ್ಮ ಪರಿಚಯದ ಒಬ್ಬ ವಾಚ್ ರಿಪೇರಿಯವರು. ಬ್ಯಾಟರಿ ಬದಲಾಯಿಸುವವರಲ್ಲ, ಆಟೋಮ್ಯಾಟಿಕ್ ಮಷೀನು ಬಿಚ್ಚಿ ಜೋಡಿಸುವವರು. ಫೋರ್ಟ್, ದಾದರ್, ಮಾಟುಂಗಾ ಕಡೆ ಅಂಥ ಹಳಬರು ಈಗಲೂ ಇದ್ದಾರೆ. ವಾಚು ಹುಡುಕುವ ಮೊದಲೇ ಅವರನ್ನು ಹುಡುಕಿಟ್ಟುಕೊಳ್ಳಿ.

ಹಿಂದಿನ ಮುಚ್ಚಳ ಬಿಚ್ಚುವ ಟೂಲ್ ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಗುತ್ತದೆ. ಕೊಳ್ಳಬೇಡಿ. ಕೈ ಜಾರಿದರೆ ಗೀರು ಬೀಳುತ್ತದೆ, ಆಗ ಮಾರುವವನು ನಿಮ್ಮನ್ನೇ ಹಿಡಿಯುತ್ತಾನೆ.

## ಹಂತ 1: ಮಾಡೆಲ್ ನಂಬರ್ ಮತ್ತು ಬೆಲೆ ಬರೆದಿಟ್ಟುಕೊಳ್ಳಿ

"ಒಂದು ಒಳ್ಳೆ ಒಮೆಗಾ ಬೇಕು" ಅಂತ ಹುಡುಕಲು ಹೊರಟರೆ ಕೆಟ್ಟಿರಿ. ಯಾವ ಮಾಡೆಲ್, ಕಂಪನಿ ಆ ಮಾಡೆಲಿಗೆ ಕೊಟ್ಟ ರೆಫರೆನ್ಸ್ ನಂಬರ್ ಏನು, ಹೊಸದರ ಬೆಲೆ ಎಷ್ಟು, ಹೆಸರಿರುವ ಸೆಕೆಂಡ್ ಹ್ಯಾಂಡ್ ಡೀಲರುಗಳು ಅದನ್ನು ಎಷ್ಟಕ್ಕೆ ಇಟ್ಟಿದ್ದಾರೆ ಅನ್ನುವುದನ್ನು ಬರೆದುಕೊಳ್ಳಿ. ಅದೇ ನಿಮ್ಮ ಅಳತೆಗೋಲು.

ರೋಲೆಕ್ಸಿನ ಸ್ಟೀಲ್ ಸ್ಪೋರ್ಟ್ಸ್ ಮಾಡೆಲುಗಳಿಗೆ ಅಂಗಡಿಯಲ್ಲೇ ಕಾಯಬೇಕು. ಅಂಥದ್ದನ್ನು ಯಾರೋ ಅರ್ಧ ಬೆಲೆಗೆ ಕೊಡುತ್ತೇನೆಂದರೆ ಅಲ್ಲಿಗೇ ನಿಲ್ಲಿಸಿ. "ದುಬೈಯಿಂದ ತಂದದ್ದು, ಡ್ಯೂಟಿ ಕಟ್ಟಿಲ್ಲ, ಅದಕ್ಕೇ ಕಡಿಮೆ" ಅನ್ನುವ ಕಾರಣ ನಂಬಬೇಡಿ. ನಿಜವೇ ಆಗಿದ್ದರೂ ಅದು ಕಳ್ಳಸಾಗಣೆಯ ಮಾಲು, ಅಲ್ವಾ?

ಜಾಹೀರಾತಿನ ಮಾತುಗಳನ್ನೂ ಗಮನಿಸಿ. "ಫಸ್ಟ್ ಕಾಪಿ", "ಸೆವೆನ್ ಎ", "ಮಾಸ್ಟರ್ ಕ್ವಾಲಿಟಿ" ಅಂದರೆ ನಕಲಿ ಅಂತ ಅವರೇ ಒಪ್ಪಿಕೊಂಡ ಹಾಗೆ. ಹೆಚ್ಚು ಅಪಾಯದ್ದು "ಅಂಕಲ್ ಕೊಟ್ಟದ್ದು, ನನಗೆ ವಾಚಿನ ಬಗ್ಗೆ ಗೊತ್ತಿಲ್ಲ, ನೀವೇ ನೋಡಿಕೊಳ್ಳಿ" ಅನ್ನುವ ಸಾಲು. ನಾಳೆ ಜಗಳವಾದರೆ ಅದೇ ಅವನ ರಕ್ಷಣೆ.

## ಹಂತ 2: ಮಾರುವವನನ್ನು ಪರೀಕ್ಷಿಸಿ

ಅತಿ ಹೆಚ್ಚು ಸಮಯ ಕೊಡಬೇಕಾದದ್ದು ಈ ಹಂತಕ್ಕೆ. ಜನ ಅತಿ ಕಡಿಮೆ ಸಮಯ ಕೊಡುವುದೂ ಇದಕ್ಕೇ.

ಖಾತೆಗೆ ನೂರಾರು ಒಳ್ಳೆಯ ಅಭಿಪ್ರಾಯ ಇವೆ ಅಂತ ಸಮಾಧಾನಪಡಬೇಡಿ. ಅವನ್ನು ಒಂದೊಂದಾಗಿ ಓದಿ. ಇಲ್ಲಿಯವರೆಗೆ ಮಾರಿದ್ದೇನು? ಎಷ್ಟೋ ವರ್ಷ ಮೊಬೈಲ್ ಕವರ್ ಮಾರಿದ, ನಡುವೆ ಸುಮ್ಮನಿದ್ದ ಖಾತೆ ಇದ್ದಕ್ಕಿದ್ದಂತೆ ನಾಲ್ಕು ರೋಲೆಕ್ಸ್ ಮಾರಲು ಬಂದರೆ ಆ ಖಾತೆಯನ್ನು ಯಾರೋ ಕದ್ದಿರಬಹುದು. ಸಣ್ಣ ಸಣ್ಣ ಸಾಮಾನು ಮಾರಿ ಹೆಸರು ಬೆಳೆಸಿಕೊಂಡು, ಕೊನೆಗೆ ಒಂದೇ ಸಲ ದೊಡ್ಡ ಮೋಸ ಮಾಡಿ ಮಾಯವಾಗುವುದೂ ಉಂಟು.

ಹರಾಜಿನ ಕೂಗನ್ನೂ ನೋಡಿ. ಒಂದೆರಡು ಖಾತೆಗಳು ಇದೇ ಮಾರಾಟಗಾರನ ವಾಚುಗಳಿಗೆ ಮಾತ್ರ ಬೆಲೆ ಏರಿಸುತ್ತವೆ, ಆದರೆ ಎಂದೂ ಗೆಲ್ಲುವುದಿಲ್ಲ. ಹಾಗಿದ್ದರೆ ಅವು ಅವನದೇ ಜನ ಎಂದು ಅನುಮಾನಿಸಿ. ನಿಮ್ಮ ಕೈಯಿಂದ ಜಾಸ್ತಿ ಹಣ ಕೂಗಿಸುವುದು ಅವರ ಕೆಲಸ.

ಮುಂದೆ, ಫೋಟೋಗಳನ್ನು ಗೂಗಲ್ ಲೆನ್ಸಿಗೆ ಹಾಕಿ. ಅದೇ ಫೋಟೋ ಸಿಂಗಾಪುರದ ಡೀಲರನ ಪುಟದಲ್ಲೋ ಹಳೆಯ ಹರಾಜಿನಲ್ಲೋ ಸಿಕ್ಕರೆ ಕತೆ ಮುಗಿಯಿತು. ಸಿಗದಿದ್ದರೆ ಅಸಲಿ ಅಂತಲ್ಲ. ಫೋಟೋವನ್ನು ಕತ್ತರಿಸಿ, ಎಡಬಲ ತಿರುಗಿಸಿ ಹಾಕಿರಬಹುದು.

ಹಾಗಾಗಿ ಹೊಸ ವಿಡಿಯೋ ಕೇಳಿ. ಕಾಗದದ ಮೇಲೆ ಇಂದಿನ ದಿನಾಂಕ ಬರೆದಿಟ್ಟು ತೆಗೆಯಲು ಹೇಳುವುದು ಹಳೆಯ ಉಪಾಯ. ಅದನ್ನು ಕಂಪ್ಯೂಟರಿನಲ್ಲಿ ಸೇರಿಸುವುದು ಈಗ ಕಷ್ಟವಲ್ಲ. ಅದಕ್ಕಿಂತ ಒಳ್ಳೆಯದು ಇದು: ಮುಳ್ಳುಗಳನ್ನು ನೀವು ಹೇಳಿದ ಸಮಯಕ್ಕೆ, ಉದಾಹರಣೆಗೆ 4 ಗಂಟೆ 35 ನಿಮಿಷಕ್ಕೆ, ಕ್ಯಾಮೆರಾದ ಮುಂದೆಯೇ ತಿರುಗಿಸಿ ನಿಲ್ಲಿಸಲು ಹೇಳಿ. ಕೈಯಲ್ಲಿ ವಾಚು ಇರುವವನಿಗೆ ಇದು ಅರ್ಧ ನಿಮಿಷದ ಕೆಲಸ. ವಾಚೇ ಇಲ್ಲದವನು "ಲಾಕರಿನಲ್ಲಿದೆ", "ತಮ್ಮ ಊರಿಗೆ ಒಯ್ದಿದ್ದಾನೆ" ಅನ್ನುತ್ತಾನೆ.

ಭಾವನೆಗೆ ಕೈ ಹಾಕುವ ಮಾತುಗಳಿಗೆ ಬೀಳಬೇಡಿ. ಸೈನ್ಯದಲ್ಲಿದ್ದೇನೆ, ವರ್ಗವಾಗಿದೆ, ಬೇಗ ಮಾರಬೇಕು ಅಂತ ಐಡಿ ಕಾರ್ಡಿನ ಫೋಟೋ ಕಳಿಸುವ ಮೋಸ ದೇಶದೆಲ್ಲೆಡೆ ನಡೆದಿದೆ. ಮುಂಬಯಿಯಲ್ಲಿ ಇದರ ಜೊತೆಗೆ ಭಾಷೆಯ ಬಲೆಯೂ ಇರುತ್ತದೆ. ನಿಮ್ಮ ಅಡ್ಡಹೆಸರು ನೋಡಿದ ಕೂಡಲೇ "ಶೆಟ್ರೇ, ನಾವೂ ಊರಿನವರೇ, ನಮ್ಮವರಿಗೆ ಮೋಸ ಮಾಡ್ತೇವಾ?" ಅಂದರೆ ನಕ್ಕು, ವಿಡಿಯೋ ಕೇಳಿ.

## ಹಂತ 3: ತಾಣ ಬಿಟ್ಟು ಹೊರಗೆ ಹೋಗಬೇಡಿ

"ಇಲ್ಲಿ ಕಮಿಷನ್ ಕಟ್ ಆಗುತ್ತೆ ಸರ್, ವಾಟ್ಸ್ಯಾಪಿಗೆ ಬನ್ನಿ, ಹತ್ತು ಪರ್ಸೆಂಟ್ ಕಡಿಮೆ ಮಾಡ್ತೀನಿ." ಇಲ್ಲಿ ಒಪ್ಪಿದರೆ ತಾಣದ ರಕ್ಷಣೆ ಪೂರ್ತಿ ಕೈಬಿಟ್ಟ ಹಾಗೆ. ಮಾತುಕತೆ, ಫೋಟೋ, ಹಣ ಎಲ್ಲವೂ ತಾಣದೊಳಗೇ ಇರಲಿ.

ಹರಾಜಿನಲ್ಲಿ ಸೋತವರಿಗೆ ಬರುವ ಮೇಲ್ ಒಂದಿದೆ: "ಗೆದ್ದವರು ಹಿಂದೆ ಸರಿದರು, ನಿಮ್ಮ ಬೆಲೆಗೇ ಕೊಡುತ್ತೇವೆ." ಇದು ನಿಜವಾದ ಸೌಲಭ್ಯವೂ ಹೌದು, ಮೋಸಗಾರರ ಮೆಚ್ಚಿನ ವೇಷವೂ ಹೌದು. ಮೇಲ್‌ನಲ್ಲಿರುವ ಕೊಂಡಿ ಒತ್ತಬೇಡಿ. ನೀವೇ ತಾಣಕ್ಕೆ ಹೋಗಿ ಲಾಗಿನ್ ಆಗಿ. ಸಂದೇಶ ಅಲ್ಲಿಯೂ ಇದ್ದರೆ ಮಾತ್ರ ನಿಜ.

ಹಣ ಮಧ್ಯಸ್ಥರ ಬಳಿ ಇರಲಿ ಅನ್ನುವ ಎಸ್ಕ್ರೋ ವ್ಯವಸ್ಥೆ ಒಳ್ಳೆಯದೇ. ಆದರೆ ಮಾರುವವನೇ ಸೂಚಿಸಿದ ಎಸ್ಕ್ರೋ ಬೇಡ. ಚೆಂದದ ಪುಟ ಮಾಡಿ ಖಾತೆ ತನ್ನದೇ ಇಡುತ್ತಾನೆ. ಈಬೇಯ ಹೆಸರಿನಲ್ಲೂ ಇಂಥದ್ದು ನಡೆಯುತ್ತದೆ. ಭಾರತದೊಳಗಿನ ಕೊಡುಕೊಳ್ಳುವಿಕೆಗೆ ಇದ್ದ ಈಬೇ ತಾಣ 2018ರಲ್ಲೇ ನಿಂತಿದೆ. "ಈಬೇ ಇಂಡಿಯಾ ಎಸ್ಕ್ರೋ ಮ್ಯಾನೇಜರ್" ಅಂತ ಯಾರಾದರೂ ಫೋನ್ ಮಾಡಿದರೆ ಇಟ್ಟುಬಿಡಿ.

## ಹಂತ 4: ಫೋಟೋದಲ್ಲಿ ಏನು ನೋಡಬೇಕು

ಮುಂಭಾಗ, ಹಿಂಭಾಗ, ಕೀಲಿ ಕೊಡುವ ಗುಂಡಿ, ಚೈನಿನ ಕೊಂಡಿ, ಸೀರಿಯಲ್ ನಂಬರ್, ಸಾಧ್ಯವಿದ್ದರೆ ಒಳಗಿನ ಮಷೀನು. ಇಷ್ಟರ ಫೋಟೋ ಕೇಳಿ. ಸೀರಿಯಲಿನ ಕೊನೆಯ ಎರಡಂಕಿ ಮುಚ್ಚಿದ್ದರೆ ತಪ್ಪಿಲ್ಲ. ಪೂರ್ತಿ ಮುಚ್ಚಿದ್ದರೆ ಅನುಮಾನಿಸಿ.

ರೋಲೆಕ್ಸಿನಲ್ಲಿ ಸುಮಾರು 2005ರವರೆಗೆ ಸೀರಿಯಲ್ ಇರುತ್ತಿದ್ದದ್ದು 6 ಗಂಟೆಯ ಕಡೆ, ಚೈನು ಸೇರುವ ಎರಡು ಕಾಲುಗಳ ನಡುವೆ. ನೋಡಬೇಕಾದರೆ ಚೈನು ಬಿಚ್ಚಬೇಕು. ಆಮೇಲೆ ಅದು ಗಾಜಿನ ಒಳಗಿನ ಉಂಗುರಕ್ಕೆ ಬಂತು. ಹೀಗಾಗಿ "2015ರದ್ದು" ಅನ್ನುವ ವಾಚಿನ ಒಳಉಂಗುರ ಬೋಳಾಗಿದ್ದರೆ ಮಾತು ಸುಳ್ಳು. ದಿನಾಂಕದ ಮೇಲಿನ ಉಬ್ಬುಗಾಜು ಅಂಕಿಯನ್ನು ಎರಡೂವರೆ ಪಟ್ಟು ದೊಡ್ಡದು ಮಾಡಬೇಕು. ಅಗ್ಗದ ನಕಲಿಗಳಲ್ಲಿ ಅಂಕಿ ಚಿಕ್ಕದಾಗಿ ಕಾಣುತ್ತದೆ. ಸಬ್‌ಮರಿನರ್, ಡೇಟ್‌ಜಸ್ಟ್‌ಗಳ ಹಿಂದೆ ಮಷೀನು ಕಾಣುವ ಗಾಜು ಇರುವುದಿಲ್ಲ. 2000ರ ದಶಕದ ಆರಂಭದಿಂದ 6ರ ಬಳಿ ಗಾಜಿನಲ್ಲಿ ಲೇಸರಿನಿಂದ ಕೊರೆದ ಸಣ್ಣ ಕಿರೀಟ ಇರುತ್ತದೆ. ಅಸಲಿಯಲ್ಲಿ ಅದನ್ನು ಹುಡುಕಲು ಒದ್ದಾಡಬೇಕು. ಬರಿಗಣ್ಣಿಗೇ ಎದ್ದು ಕಂಡರೆ ಅದೇ ಕೆಟ್ಟ ಲಕ್ಷಣ.

ಇವೆಲ್ಲ ಸರಿ ಇದ್ದ ಮಾತ್ರಕ್ಕೆ ಅಸಲಿ ಅಂತ ತೀರ್ಮಾನಿಸಬೇಡಿ. ಈಗಿನ ಒಳ್ಳೆಯ ನಕಲಿಗಳಲ್ಲಿ ಈ ಗುರುತುಗಳೂ ಇವೆ. ಫೋಟೋದಿಂದ ಆಗುವುದು ಕೆಟ್ಟದ್ದನ್ನು ಹೊರಗೆಸೆಯುವ ಕೆಲಸ ಮಾತ್ರ.

### ಹಳೆಯ ವಾಚಾದರೆ ಇನ್ನೂ ಎಚ್ಚರ

ಜಗತ್ತಿನ ವಾಚ್ ಸಂಗ್ರಾಹಕರ ಬಾಯಲ್ಲಿ ನಮ್ಮೂರಿನದೇ ಒಂದು ಬೈಗುಳ ಇದೆ: "ಮುಂಬಯಿ ಸ್ಪೆಷಲ್". ಹಳೆಯ ಫಾವ್ರ್ ಲೂಬಾ, ವೆಸ್ಟ್ ಎಂಡ್, ಒಮೆಗಾ, ಸೈಕೋ, ಎಚ್‌ಎಂಟಿಗಳ ಡಯಲನ್ನು ಕೆರೆದು, ಹೊಸ ಬಣ್ಣ ಹೊಡೆದು, ಸಿಕ್ಕಿದ ಮುಳ್ಳು, ಸಿಕ್ಕಿದ ಕೇಸು ಜೋಡಿಸಿ ಆನ್‌ಲೈನಿನಲ್ಲಿ ಮಾರುವ ಸರಕಿಗೆ ಈ ಹೆಸರು. ಪೂರ್ತಿ ನಕಲಿಯೂ ಅಲ್ಲ, ಅಸಲಿಯೂ ಅಲ್ಲ. ಮಷೀನು ನಿಜವಾದದ್ದೇ ಇರಬಹುದು. ಅದಕ್ಕೇ ಜನ ಬೀಳುತ್ತಾರೆ.

ಗುರುತಿಸುವುದು ಹೀಗೆ. ಐವತ್ತು ವರ್ಷದ ವಾಚಿನ ಡಯಲು ಗಿಳಿಹಸಿರೋ ಕೇಸರಿಯೋ ಆಗಿ ಫಳಫಳ ಹೊಳೆಯುತ್ತಿದ್ದರೆ ಅದು ಮೊದಲ ಅನುಮಾನ. ಲೆನ್ಸ್ ಹಿಡಿದು ಅಕ್ಷರಗಳ ಅಂಚು ನೋಡಿ. ಅಸಲಿ ಮುದ್ರಣ ಚೂಪಾಗಿರುತ್ತದೆ. ಮರುಬಣ್ಣದ್ದು ದಪ್ಪಗೆ, ಸ್ವಲ್ಪ ಸೊಟ್ಟಗೆ ಇರುತ್ತದೆ. ನಿಮಿಷದ ಗೆರೆಗಳು ಗಂಟೆಯ ಪಟ್ಟಿಗಳಿಗೆ ನೇರ ಕೂಡುವುದಿಲ್ಲ. ಕತ್ತಲಲ್ಲಿ ನೇರಳೆ ಟಾರ್ಚ್ ಬಿಟ್ಟು ನೋಡಿ. ಡಯಲಿನ ಕೆಳಗೆ, ಕತ್ತಲಲ್ಲಿ ಹೊಳೆಯಲು ಬಳಸುತ್ತಿದ್ದ ಟ್ರಿಟಿಯಂ ಸೂಚಿಸುವ "ಟಿ" ಅಕ್ಷರ ಇರುವ 1970ರ ದಶಕದ ವಾಚು, ಟಾರ್ಚ್ ಆರಿಸಿದ ಮೇಲೂ ಬಹಳ ಹೊತ್ತು ಝಗಮಗಿಸಿದರೆ, ಹೊಳೆಯುವ ಬಣ್ಣವನ್ನು ಯಾರೋ ಇತ್ತೀಚೆಗೆ ಹಾಕಿದ್ದಾರೆ.

ಹಳೆಯ ಸೈಕೋದಲ್ಲಿ ಪರೀಕ್ಷೆ ಸುಲಭ. ಹಿಂದಿನ ಮುಚ್ಚಳದ ಮೇಲೆ ಮಷೀನಿನ ನಂಬರ್, ಉದಾಹರಣೆಗೆ 7009, ಇರುತ್ತದೆ. ಡಯಲಿನ ಕೆಳ ಅಂಚಿನ ಪುಟ್ಟ ಅಂಕಿಗಳು, ಒಳಗಿನ ಮಷೀನು ಎರಡೂ ಅದನ್ನೇ ಹೇಳಬೇಕು. ಮೂರು ಕಡೆ ಮೂರು ನಂಬರ್ ಇದ್ದರೆ ಮೂರು ವಾಚು ಸೇರಿ ಒಂದಾಗಿದೆ ಅಂತರ್ಥ.

ಎಚ್‌ಎಂಟಿ ದುಬಾರಿ ಪಟ್ಟಿಗೆ ಸೇರದು, ಆದರೂ ಹೇಳಬೇಕು. 1961ರಲ್ಲಿ ಸಿಟಿಜನ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಆ ವಾಚಿನ ಕಂಪನಿಯನ್ನು ಮುಚ್ಚುವ ತೀರ್ಮಾನ 2016ರಲ್ಲಿ ಆಯಿತು. ಆಮೇಲೆ ಹಳೆಯ ಮಾಡೆಲುಗಳಿಗೆ ಬೇಡಿಕೆ ಏರಿತು. ಜನತಾ ಅನ್ನುವ ಸಾಮಾನ್ಯ ಮಾಡೆಲಿನ ಮಷೀನಿಗೆ ಹೊಸ ಕಪ್ಪು ಡಯಲು ಹಾಕಿ "ಅಪರೂಪದ ಪೈಲಟ್" ಅಂತ ಮಾರುವುದು ಈಗ ಮಾಮೂಲು. ಊರಿನ ನೆನಪಿಗೆಂದು ಕೊಳ್ಳುವ ಕನ್ನಡಿಗರೇ ಇದಕ್ಕೆ ಒಳ್ಳೆಯ ಗಿರಾಕಿಗಳು.

ದೊಡ್ಡ ಹರಾಜಿನವರ ಬಳಿ ಕೊಂಡರೆ ಭಯವಿಲ್ಲ ಅನ್ನುವವರಿಗೆ ಒಂದು ಸಂಗತಿ. 2021ರ ನವೆಂಬರಿನಲ್ಲಿ ಜಿನೀವಾದ ಫಿಲಿಪ್ಸ್ ಹರಾಜಿನಲ್ಲಿ 1957ರದ್ದೆಂದು ಹೇಳಲಾದ ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕಿಗೂ ಹೆಚ್ಚಿಗೆ ಹೋಯಿತು. ಕೊಂಡದ್ದು ಒಮೆಗಾದ ಸ್ವಂತ ಮ್ಯೂಸಿಯಂ. ಅದು ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಮಾಡಿದ್ದು, ತನ್ನಲ್ಲಿ ಕೆಲಸಕ್ಕಿದ್ದವರೇ ಇದರಲ್ಲಿ ಶಾಮೀಲಾಗಿದ್ದರು ಎಂದು ಕಂಪನಿಯೇ 2023ರಲ್ಲಿ ಹೇಳಿತು.

## ಹಂತ 5: ಬಾಕ್ಸ್, ಕಾರ್ಡ್, ಬಿಲ್

ಬಾಕ್ಸ್ ಮತ್ತು ವಾರಂಟಿ ಕಾರ್ಡ್ ಬೇರೆಯಾಗಿಯೇ ಮಾರಾಟಕ್ಕೆ ಸಿಗುತ್ತವೆ. ನಕಲಿ ಕಾರ್ಡ್ ಛಾಪಿಸುವುದು ನಕಲಿ ವಾಚು ಮಾಡುವುದಕ್ಕಿಂತ ಬಹಳ ಸುಲಭ. "ಫುಲ್ ಸೆಟ್ ಇದೆ" ಅನ್ನುವುದಕ್ಕೆ ಅಷ್ಟೇ ಬೆಲೆ ಕೊಡಿ. ಕಾರ್ಡಿನ ಸೀರಿಯಲ್ ವಾಚಿನ ಸೀರಿಯಲಿಗೆ ಹೊಂದಬೇಕು. ಹೊಂದಿದರೂ ಅದು ಅರ್ಧ ಸಾಕ್ಷಿ ಮಾತ್ರ, ಒಂದು ಅಸಲಿ ನಂಬರನ್ನು ಸಾವಿರ ನಕಲಿಗೆ ಹೊಡೆಯಬಹುದು. ರೋಲೆಕ್ಸ್ ತನ್ನ ಸೀರಿಯಲುಗಳ ಪಟ್ಟಿಯನ್ನು ಸಾರ್ವಜನಿಕರಿಗೆ ಕೊಟ್ಟಿಲ್ಲ. "ನಂಬರ್ ಹಾಕಿ, ಅಸಲಿಯೋ ನೋಡಿ" ಅನ್ನುವ ತಾಣಗಳು ಹೆಚ್ಚೆಂದರೆ ವರ್ಷದ ಅಂದಾಜು ಹೇಳಬಲ್ಲವು.

ಬಿಲ್ಲು ಹೆಚ್ಚು ಮಾತಾಡುತ್ತದೆ. 2017ರ ಜುಲೈ ನಂತರದ ಭಾರತದ ಅಂಗಡಿಯ ಬಿಲ್ಲಾದರೆ 15 ಅಕ್ಷರದ ಜಿಎಸ್‌ಟಿ ನಂಬರ್ ಇರಲೇಬೇಕು. ಮೊದಲ ಎರಡಂಕಿ ರಾಜ್ಯದ್ದು: ಮಹಾರಾಷ್ಟ್ರ 27, ಕರ್ನಾಟಕ 29, ಗೋವಾ 30. ಮುಂಬಯಿಯ ಅಂಗಡಿಯ ಬಿಲ್ಲಿನಲ್ಲಿ ನಂಬರ್ 07ರಿಂದ ಶುರುವಾದರೆ ಅದು ದೆಹಲಿಯದ್ದು. ಜಿಎಸ್‌ಟಿ ಪೋರ್ಟಲಿನಲ್ಲಿ ಆ ನಂಬರ್ ಹಾಕಿದರೆ ಅಂಗಡಿಯ ಹೆಸರು ಬರುತ್ತದೆ. ಆಮೇಲೆ ಅಂಗಡಿಗೆ ಫೋನ್ ಮಾಡಿ ಬಿಲ್ ನಂಬರ್ ಹೇಳಿ. ಎಲ್ಲರೂ ಉತ್ತರ ಕೊಡುವುದಿಲ್ಲ, ಕೇಳುವುದಕ್ಕೆ ಖರ್ಚೂ ಇಲ್ಲ.

ಕದ್ದ ವಾಚಾಗಿದ್ದರೆ? ಲಂಡನ್ನಿನ ವಾಚ್ ರಿಜಿಸ್ಟರ್ ಅನ್ನುವ ಸಂಸ್ಥೆ ಕಳುವಾದ ವಾಚುಗಳ ಸೀರಿಯಲ್ ಪಟ್ಟಿ ಇಟ್ಟಿದೆ. ಶುಲ್ಕ ಕೊಟ್ಟು ಹುಡುಕಿಸಬಹುದು. ಲಕ್ಷಗಟ್ಟಲೆ ಕೊಡುವಾಗ ಅಷ್ಟು ಮಾಡಿ.

## ಹಂತ 6: ವಾಚು ಕೈಯಲ್ಲಿ ಹಿಡಿದು ನೋಡಿ

ಮಾರುವವನು ಮುಂಬಯಿ, ಠಾಣೆ, ಪುಣೆ ಕಡೆಯವನಾದರೆ ಭೇಟಿಯಾಗದೆ ಕೊಳ್ಳಬೇಡಿ. ಜಾಗ ನೀವು ಹೇಳಿ. ಸ್ಟೇಷನ್ ಪ್ಲಾಟ್‌ಫಾರಂ, ಕಾರಿನ ಒಳಗೆ, ಹೋಟೆಲ್ ರೂಮು ಯಾವುದೂ ಬೇಡ. ಹಗಲು ಹೊತ್ತಿನಲ್ಲಿ ನಿಮ್ಮ ರಿಪೇರಿಯವರ ಅಂಗಡಿಗೇ ಕರೆಸಿ. ಅವರಿಗೆ ಕೊಡಬೇಕಾದ ಕೂಲಿ ಮೊದಲೇ ಮಾತಾಡಿಕೊಳ್ಳಿ. "ನನ್ನ ಪರಿಚಯದ ಘಡಿವಾಲಾ ಇದ್ದಾನೆ, ಅಲ್ಲಿ ತೋರಿಸೋಣ" ಅಂತ ಅವನು ಹೇಳಿದರೆ ಒಪ್ಪಬೇಡಿ.

ರಿಪೇರಿಯವರು ಮುಚ್ಚಳ ಬಿಚ್ಚಿ ಮಷೀನು ನೋಡಲಿ. ನಿರ್ಧಾರವಾಗುವುದು ಇಲ್ಲೇ. ವಾಚಿನ ಬಡಿತ ಅಳೆಯುವ ಟೈಮ್‌ಗ್ರಾಫರ್ ಯಂತ್ರವಿದ್ದರೆ ಅದರ ಮೇಲೂ ಇಡಿಸಿ. ಈಗಿನ ಬಹುತೇಕ ರೋಲೆಕ್ಸ್ ಆಟೋಮ್ಯಾಟಿಕ್ ಗಂಟೆಗೆ 28,800 ಬಡಿತದ್ದು. ಯಂತ್ರ 21,600 ತೋರಿಸಿದರೆ ಒಳಗಿರುವುದು ಬೇರೆಯೇ ಮಷೀನು. ಫೋನಿನ ಆ್ಯಪಿನಲ್ಲೂ ಇದನ್ನು ಅಳೆಯಬಹುದು, ಆದರೆ ದಾದರಿನ ರಸ್ತೆ ಬದಿಯ ಗದ್ದಲದಲ್ಲಿ ಅದಕ್ಕೆ ಕೇಳಿಸುವುದು ರಿಕ್ಷಾದ ಹಾರ್ನ್ ಮಾತ್ರ.

ಮಾರುವವನು "ಮುಚ್ಚಳ ಬಿಚ್ಚಿದರೆ ವಾಟರ್‌ಪ್ರೂಫ್ ಹೋಗುತ್ತೆ" ಅನ್ನುತ್ತಾನೆ. ಮಾತು ಪೂರ್ತಿ ಸುಳ್ಳಲ್ಲ. ರಬ್ಬರ್ ವಾಷರ್ ಸರಿಯಾಗಿ ಕೂರಿಸಿ ಮತ್ತೆ ಪರೀಕ್ಷೆ ಮಾಡಿಸಬೇಕು. ಆ ಖರ್ಚು ನಾನು ಕೊಡುತ್ತೇನೆ ಅನ್ನಿ. ಆಗಲೂ ಒಪ್ಪದಿದ್ದರೆ ಎದ್ದು ಬನ್ನಿ.

ಜನ ನೆಚ್ಚಿಕೊಂಡಿರುವ ಕೆಲವು ಪರೀಕ್ಷೆಗಳನ್ನು ಮರೆತುಬಿಡಿ. ಸೆಕೆಂಡ್ ಮುಳ್ಳು ನಿಲ್ಲದೆ ಜಾರಿದರೆ ಅಸಲಿ ಅಂತಾರೆ. ಯಾವ ಆಟೋಮ್ಯಾಟಿಕ್ ವಾಚಿನಲ್ಲೂ ಅದು ಹಾಗೇ ಜಾರುತ್ತದೆ. ಭಾರ ಇದ್ದರೆ ಅಸಲಿ ಅಂತಾರೆ. ನಕಲಿಯೂ ಸ್ಟೀಲೇ. ಗಾಜಿನ ಮೇಲೆ ನೀರಿನ ಹನಿ ಉರುಳದೆ ನಿಂತರೆ ಅಸಲಿ ಅಂತಾರೆ. ಅದರಿಂದ ತಿಳಿಯುವುದು ಹೆಚ್ಚೆಂದರೆ ಗಾಜಿನ ವಿಚಾರ, ಸಫೈರ್ ಗಾಜು ನಕಲಿಯಲ್ಲೂ ಇರುತ್ತದೆ.

ಇನ್ನೊಂದು ಕೈಚಳಕ ನೋಡಿಕೊಳ್ಳಿ. ಪರೀಕ್ಷೆಯಾದ ಮೇಲೆ "ಬಾಕ್ಸಿಗೆ ಹಾಕಿ ಕೊಡ್ತೀನಿ" ಅಂತ ಒಯ್ದು ಬೇರೆ ವಾಚು ಇಡುತ್ತಾರೆ. ಮುಚ್ಚಳ ಹಾಕಿದ ಕ್ಷಣದಿಂದ ವಾಚು ನಿಮ್ಮ ಕಣ್ಣ ಮುಂದೆಯೇ ಇರಲಿ.

## ಹಂತ 7: ಈಗ ಹಣ

ತಾಣದ ಮೂಲಕ ಕ್ರೆಡಿಟ್ ಕಾರ್ಡಿನಲ್ಲಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಮೋಸವಾದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್, ಅಂದರೆ ಕಾರ್ಡಿನಲ್ಲಿ ಕೊಟ್ಟ ಹಣ ವಾಪಸ್, ಕೇಳುವ ದಾರಿ ಇರುತ್ತದೆ. ಯುಪಿಐ, ಐಎಂಪಿಎಸ್‌ನಲ್ಲಿ ನೀವೇ ಪಿನ್ ಒತ್ತಿ ಕಳಿಸಿದ ಹಣವನ್ನು ವಾಪಸ್ ತರಿಸುವುದು ಬಹಳ ಕಷ್ಟ. "ರೀಫಂಡ್ ಮಾಡ್ತೀನಿ, ಈ ಕ್ಯೂಆರ್ ಸ್ಕ್ಯಾನ್ ಮಾಡಿ ಪಿನ್ ಹಾಕಿ" ಅಂದರೆ ಅದು ಮೋಸವೇ. ಹಣ ಪಡೆಯಲು ಪಿನ್ ಬೇಡ.

ಒಂದೇ ವ್ಯವಹಾರದಲ್ಲಿ 2 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದು ಆದಾಯ ತೆರಿಗೆ ಕಾನೂನಿಗೆ ವಿರುದ್ಧ. "ಕ್ಯಾಶ್ ಕೊಟ್ಟರೆ ಕಡಿಮೆ" ಅನ್ನುವವನ ಬಳಿ ಬಿಲ್ಲೂ ಇರುವುದಿಲ್ಲ ಅಂತ ತಿಳಿಯಿರಿ. 2025ರ ಏಪ್ರಿಲ್ 22ರಿಂದ 10 ಲಕ್ಷ ಮೀರಿದ ಕೈಗಡಿಯಾರಕ್ಕೆ ಡೀಲರು 1 ಪರ್ಸೆಂಟ್ ಟಿಸಿಎಸ್, ಅಂದರೆ ಮಾರುವಾಗಲೇ ವಸೂಲಿ ಮಾಡುವ ಆದಾಯ ತೆರಿಗೆ, ಕೇಳಬಹುದು. ಅದು ನಿಮ್ಮ ಪ್ಯಾನ್ ಖಾತೆಯಲ್ಲಿ ಕಾಣಬೇಕು. ಕೆಲವು ತಿಂಗಳಾದರೂ ಕಾಣದಿದ್ದರೆ ಅವನು ಜೇಬಿಗೆ ಹಾಕಿಕೊಂಡಿರಬಹುದು.

ಮಾಡೆಲ್, ಸೀರಿಯಲ್, ಬೆಲೆ, "ವಾಚು ಅಸಲಿ, ಅಲ್ಲವೆಂದಾದರೆ ಹಣ ವಾಪಸ್" ಎಂಬ ಸಾಲು, ಸಹಿ, ಗುರುತಿನ ಚೀಟಿಯ ನಕಲು. ಇಷ್ಟಿರುವ ರಸೀದಿ ಪಡೆದೇ ಹಣ ಕೊಡಿ.

## ಹಂತ 8: ಪಾರ್ಸೆಲ್ ಬಂದಾಗ

ಹೊರಊರಿನ ಮಾರಾಟವಾದರೆ ಪೆಟ್ಟಿಗೆಯ ಆರೂ ಬದಿ, ಅಂಟು ಟೇಪು, ವಿಳಾಸ ಚೀಟಿ ತೋರಿಸಿ, ನಡುವೆ ನಿಲ್ಲಿಸದೆ ವಿಡಿಯೋ ಮಾಡುತ್ತಾ ಬಿಚ್ಚಿ. ಸೀರಿಯಲ್ ಕಾಣುವವರೆಗೆ ಕ್ಯಾಮೆರಾ ಆಫ್ ಮಾಡಬೇಡಿ. ಸೊಸೈಟಿಯ ವಾಚ್‌ಮನ್ ಕೈಗೆ ಪಾರ್ಸೆಲ್ ಕೊಡಿಸಬೇಡಿ. ಕೂಡಲೇ ಹಂತ 6ರ ಪರೀಕ್ಷೆ ಮಾಡಿಸಿ, ತಾಣದ ರಿಟರ್ನ್ ಅವಧಿ ಓಡುತ್ತಿರುತ್ತದೆ.

ವಿದೇಶದಿಂದ ತರಿಸಿದರೆ ಕಸ್ಟಮ್ಸ್ ಸುಂಕ, ಅದರ ಮೇಲೆ ಆಮದಿನ ಜಿಎಸ್‌ಟಿಯಾದ ಐಜಿಎಸ್‌ಟಿ ಸೇರಿಸಿ ಲೆಕ್ಕ ಹಾಕಿ. "ಗಿಫ್ಟ್ ಅಂತ ಕಡಿಮೆ ಬೆಲೆ ಬರೀತೀನಿ" ಅಂದರೆ ಬೇಡವೆನ್ನಿ. ಕಾನೂನಿನ ತೊಂದರೆ ಒಂದು, ವಾಚು ಕಳೆದುಹೋದರೆ ವಿಮೆಯೂ ಆ ಕಡಿಮೆ ಬೆಲೆಗೇ ಸಿಗುವುದು ಇನ್ನೊಂದು. ನಕಲಿ ಅಂತ ಕಂಡರೆ, ನಕಲಿ ಸರಕಿನ ಆಮದು ತಡೆಯುವ 2007ರ ನಿಯಮಗಳಂತೆ ಕಸ್ಟಮ್ಸಿನವರು ಅದನ್ನು ತಡೆಹಿಡಿಯಬಹುದು. ಆಗ ಹಣವೂ ಇಲ್ಲ, ವಾಚೂ ಇಲ್ಲ.

## ಹಂತ 9: ಮೋಸವಾಗಿದ್ದರೆ, ಈ ಕ್ರಮದಲ್ಲಿ

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಮಾರುವವನಿಗೆ ಬೈದು ಮೆಸೇಜ್ ಹಾಕುವುದಕ್ಕೂ ಮೊದಲು. ಹಣ ಅವನ ಖಾತೆಯಲ್ಲಿ ಇನ್ನೂ ಇದ್ದರೆ ತಡೆಯುವುದು ಸುಲಭ. ಗಂಟೆ ಕಳೆದಂತೆ ಅದು ಖಾತೆಯಿಂದ ಖಾತೆಗೆ ಹಾರುತ್ತದೆ. ಜೊತೆಗೇ ನಿಮ್ಮ ಬ್ಯಾಂಕಿಗೆ ತಿಳಿಸಿ, ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲಿ ದೂರು ದಾಖಲಿಸಿ. ಆಮೇಲೆ ತಾಣದಲ್ಲಿ ವಿವಾದ ತೆರೆಯಿರಿ. ಚಾಟ್, ಜಾಹೀರಾತು ಪುಟ, ಹಣದ ವಿವರಗಳ ಸ್ಕ್ರೀನ್‌ಶಾಟ್ ಅಷ್ಟರಲ್ಲೇ ತೆಗೆದಿಡಿ. ಅವನು ಪುಟ ಅಳಿಸುತ್ತಾನೆ.

ಮಾರಿದ್ದು ಅಂಗಡಿ ಅಥವಾ ಕಂಪನಿಯಾದರೆ ಗ್ರಾಹಕ ಸಹಾಯವಾಣಿ 1915 ಉಪಯೋಗಕ್ಕೆ ಬರುತ್ತದೆ. ತನ್ನ ಹಳೆ ವಾಚು ಮಾರಿದ ಒಬ್ಬ ಖಾಸಗಿ ವ್ಯಕ್ತಿಯಾದರೆ ಪೊಲೀಸರ ದಾರಿಯೇ ಸರಿ. ವಂಚನೆಗೆ ಈಗ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ರಿಪೇರಿಯವರಿಂದ ವಾಚು ನಕಲಿ ಎಂದು ಬರೆಸಿಕೊಂಡು ಹೋಗಿ. ತಾಣದವರು ಹೇಳುವ ಮೊದಲು ವಾಚನ್ನು ಮಾರುವವನಿಗೆ ವಾಪಸ್ ಕಳಿಸಬೇಡಿ. ಅದೇ ನಿಮ್ಮ ಸಾಕ್ಷಿ.

ಬಂದಷ್ಟು ಬರಲಿ ಅಂತ ಅದನ್ನೇ ಇನ್ನೊಬ್ಬರಿಗೆ ಅಸಲಿ ಎಂದು ಮಾರುವ ಯೋಚನೆ ಬೇಡ. ನಕಲಿ ಬ್ರ್ಯಾಂಡಿನ ಸರಕು ಮಾರಿದರೆ ಟ್ರೇಡ್ ಮಾರ್ಕ್ಸ್ ಕಾಯ್ದೆಯಲ್ಲಿ 6 ತಿಂಗಳಿಂದ 3 ವರ್ಷದವರೆಗೆ ಜೈಲು, ಜೊತೆಗೆ 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ ಇದೆ.

ದೂರು ಕೊಟ್ಟ ಕೆಲವು ದಿನಕ್ಕೆ "ಸೈಬರ್ ಸೆಲ್‌ನಿಂದ ಮಾತಾಡ್ತಿದ್ದೀನಿ, ನಿಮ್ಮ ಹಣ ಸಿಕ್ಕಿದೆ, ಪ್ರೊಸೆಸಿಂಗ್ ಫೀ ಕಟ್ಟಿ" ಅಂತ ಫೋನ್ ಬರಬಹುದು. ಒಮ್ಮೆ ಬಿದ್ದವರ ನಂಬರುಗಳು ಈ ಜನರ ನಡುವೆ ಕೈಬದಲಾಗುತ್ತವೆ. ಪೊಲೀಸರು ಹಣ ವಾಪಸ್ ಕೊಡಿಸಲು ಫೀ ಕೇಳುವುದಿಲ್ಲ. ಆ ಫೋನ್ ನಂಬರನ್ನೂ ನಿಮ್ಮ ದೂರಿಗೆ ಸೇರಿಸಿ.